ಬಾಗಿಲಲ್ಲಿ ಕೂತ ಥೆಲ್ಮಾ

ಥೆಲ್ಮಾ ಪೆಂಗೆಲಿ ಪಿಯಾನೋ ಮುಂದೆ ಕೂತರೆ ಮುದುಕರು ಊರುಗೋಲನ್ನು ಗೋಡೆಗೆ ಒರಗಿಸಿ ಕುಣಿಯುತ್ತಿದ್ದರು. ಇದು ಕಟ್ಟುಕತೆಯಲ್ಲ, ಅವಳ ಪಕ್ಕದಲ್ಲೇ ನಿಂತು ಸ್ಯಾಕ್ಸೋಫೋನ್ ಊದುತ್ತಿದ್ದವಳು ನಾನು. ನ್ಯೂಕಾಸಲ್‌ನಲ್ಲಿ ಉಕ್ಕಿನ ಕಾರ್ಖಾನೆ ಇನ್ನೂ ಹೊಗೆಯುಗುಳುತ್ತಿದ್ದ ಕಾಲ. ಒಣಹಾಕಿದ ಬಿಳಿ ಅಂಗಿ ಸಂಜೆಗೆ ಬೂದಿಬಣ್ಣಕ್ಕೆ ತಿರುಗುತ್ತಿತ್ತು. ಶನಿವಾರ ಬಂತೆಂದರೆ ಊರಿನ ಕ್ಲಬ್ಬುಗಳಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ.

ಅವಳಿಗೆ ಮಾತ್ರ ಕುಣಿಯುವ ಕಾಲಿರಲಿಲ್ಲ. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಎರಡೂ ಕಾಲು ಸೋತಿದ್ದವು. ಸ್ವರ ಎಳೆದು ಹಿಡಿಯಲು ಕಾಲಲ್ಲಿ ಒತ್ತುವ ಪೆಡಲ್ ಮುಟ್ಟದೆಯೇ ಪಿಯಾನೋ ನುಡಿಸುತ್ತಿದ್ದಳು. ಹಾಗಾಗಿ ಅವಳ ತಾಳ ಒಣಸೌದೆ ಸಿಡಿದ ಹಾಗೆ ಚಟಚಟ ಅನ್ನುತ್ತಿತ್ತು, ಕುಣಿಯುವವರಿಗೆ ಅದೇ ಬೇಕಿತ್ತು. "ಕಾಲಿಗೆ ಹೋಗ್ಬೇಕಾಗಿದ್ದ ಬಲ ಎಲ್ಲಾ ಇವಳ ನಾಲಿಗೆಗೆ ಹೋಗಿದೆ" ಎಂದು ಅವಳ ಅಮ್ಮ ಎಲ್ಲರೆದುರೂ ಹೇಳುತ್ತಿದ್ದರು. ಥೆಲ್ಮಾ ಅದನ್ನು ಹೊಗಳಿಕೆ ಎಂದೇ ತಿಳಿದಿದ್ದಳು.

ಈ ಕ್ಲಬ್ಬುಗಳಿಗೆಲ್ಲ ನುಡಿಸುವವರನ್ನು ಕಳಿಸುತ್ತಿದ್ದ ನಮ್ಮ ವಾದ್ಯಗಾರರ ಸಂಘಕ್ಕೆ ಸ್ವಂತ ಕಟ್ಟಡ ಇತ್ತು. ಕೆಳಗೆ ಬೀಗ ಹಾಕಿದ ಗೋದಾಮು, ಮೇಲೆ ಸಭೆಯ ಕೋಣೆ, ನಡುವೆ ಕಡಿದಾದ ಮರದ ಮೆಟ್ಟಿಲು. ಸಭೆಯ ಕೋಣೆಯಲ್ಲಿ ಒಂದು ದೊಡ್ಡ ಪಿಯಾನೋ. ಅದನ್ನು ಆಗಾಗ ನೃತ್ಯಕೂಟಗಳಿಗೆ ಒಯ್ಯಲೆಂದು ಕಿಟಕಿಯ ಹೊರಗೆ ಹಗ್ಗ, ರಾಟೆ ಎಲ್ಲ ಕಟ್ಟಿದ್ದರು. ಪಿಯಾನೋಗೆ ಅಷ್ಟು ಉಪಚಾರ. ಅದನ್ನು ನುಡಿಸುವವಳು ಮೇಲೆ ಹೋಗುವುದು ಹೇಗೆಂದು ಯಾರ ತಲೆಗೂ ಹೊಳೆದಿರಲಿಲ್ಲ.

ಹೊಳೆದಿರಲಿಲ್ಲ ಅಂದರೆ ಪೂರ್ತಿ ನಿಜವಲ್ಲ. ಅವಳು ಸಂಘ ಸೇರಿದ ಹೊಸತರಲ್ಲಿ, ದೊಡ್ಡ ಡ್ರಮ್ ಬಾರಿಸುವ ನೆವ್ ಸ್ಕೋಬಿ ಮತ್ತು ಮೂವರು ಅವಳನ್ನು ಗಾಲಿಕುರ್ಚಿ ಸಮೇತ ಹೊತ್ತುಕೊಂಡು ಹತ್ತಿದ್ದರು. ತಿರುವಿನಲ್ಲಿ ಯಾವ ಕಡೆ ಓರೆ ಮಾಡಬೇಕೆಂದು ಅವರಲ್ಲೇ ಜಗಳವಾಯಿತು. ನಡುವೆ ಕೂತವಳನ್ನು ಒಬ್ಬನೂ ಕೇಳಲಿಲ್ಲ. ಸಭೆ ಮುಗಿದ ಮೇಲೆ ಎಲ್ಲರೂ ಎದುರಿನ ಬಿಯರ್ ಅಂಗಡಿಗೆ ಹೋದರು. ಅವಳನ್ನು ಇಳಿಸಲು ಮರೆತೇಬಿಟ್ಟರು. ಪುಣ್ಯಕ್ಕೆ ಪಿಯಾನೋ ಇತ್ತು. ಕಿಟಕಿಯಿಂದ ಸಂಗೀತ ಬರುತ್ತಲೇ ಇರುವುದನ್ನು ಕೇಳಿ, ಯಾರೋ "ಥೆಲ್ಮಾ ಎಲ್ಲಿ?" ಎಂದಾಗಲೇ ನೆವ್ ಗ್ಲಾಸು ಕೆಳಗಿಟ್ಟು ಓಡಿದ್ದು. ಅಂದೇ ಅವಳು ಹೇಳಿಬಿಟ್ಟಳು, ಇನ್ನು ಮೇಲೆ ಈ ಮೆಟ್ಟಿಲಲ್ಲಿ ಯಾರೂ ನನ್ನನ್ನು ಹೊರುವಂತಿಲ್ಲ.

ಸಭೆಯ ಕೋಣೆಯಲ್ಲಿ ಇದ್ದವರಿಗೆ ಮಾತ್ರ ಮಾತು, ಇದ್ದವರಿಗೆ ಮಾತ್ರ ಓಟು ಎನ್ನುವುದು ನಮ್ಮ ನಿಯಮ. ಆಮೇಲೆ ವರ್ಷಗಟ್ಟಲೆ ಥೆಲ್ಮಾಗೆ ಎರಡೂ ಇರಲಿಲ್ಲ.

ಹೀಗಿರುವಾಗ ಸೀಗಲ್ ಕ್ಲಬ್ಬಿನ ಮ್ಯಾನೇಜರ್ ತಕರಾರು ತೆಗೆದ. ಬಾಗಿಲ ಮುಂದಿನ ಮೆಟ್ಟಿಲಲ್ಲಿ ಗಾಲಿಕುರ್ಚಿ ಎತ್ತುವುದು ತನ್ನವರಿಗೆ ರೇಜಿಗೆಯಂತೆ, ಇನ್ನು ಮುಂದೆ ತಾವೇ ನಡೆದು ಬರುವವರನ್ನು ಮಾತ್ರ ಸಂಘ ಕಳಿಸಬೇಕಂತೆ. ಸೀಗಲ್ ಹಿಡಿದ ದಾರಿಯನ್ನೇ ಊರಿನ ಉಳಿದ ಕ್ಲಬ್ಬುಗಳೂ ಹಿಡಿಯುತ್ತವೆ ಎಂದು ನಮಗೆಲ್ಲ ಗೊತ್ತಿತ್ತು. ಹಾಗಾದರೆ ಥೆಲ್ಮಾಳ ಶನಿವಾರಗಳು ಮುಗಿದವು. ಅವಳಿಗೆ ಬೇರೆ ಸಂಪಾದನೆ ಇರಲಿಲ್ಲ, ಅದಕ್ಕಿಂತ ಹೆಚ್ಚಾಗಿ ಬೇರೆ ಆಸೆಯೂ ಇರಲಿಲ್ಲ.

ಕಾರ್ಯದರ್ಶಿ ಕ್ಲಾರಿ ಡಂಕ್ಲಿ ಕೆಟ್ಟವನಲ್ಲ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ಜಾತಿ. ಕ್ಲಬ್ಬಿನ ಮಾತಿಗೆ ಒಪ್ಪೋಣ, ಬದಲಿಗೆ ಆಸ್ಪತ್ರೆಗಳಲ್ಲಿ ನಡೆಯುವ ದುಡ್ಡಿಲ್ಲದ ಧರ್ಮಾರ್ಥ ಸಂಗೀತ ಕಚೇರಿಗಳನ್ನೆಲ್ಲ ಥೆಲ್ಮಾಗೇ ಕೊಡೋಣ ಎಂದು ಅವನ ಲೆಕ್ಕ. ಭಾನುವಾರದ ಸಭೆಯಲ್ಲಿ ತೀರ್ಮಾನ. ಶುಕ್ರವಾರ ಅವನು ಅವಳ ಮನೆಗೆ ಬಂದು ಇದನ್ನೆಲ್ಲ ಹೇಳುವಾಗ ನಾನೂ ಅಲ್ಲಿದ್ದೆ.

"ಹೊಟ್ಟೆ ಮೇಲೆ ಹೊಡೆದು ಬೆನ್ನು ಸವರ್ತೀಯಲ್ಲೋ ಕ್ಲಾರಿ" ಎಂದಳು ಥೆಲ್ಮಾ.

"ಬೇಡ ಅನ್ನೋದಾದ್ರೆ ಸಭೆಗೆ ಬಂದು ಹೇಳು. ನೆವ್‌ಗೆ ಹೇಳ್ತೀನಿ, ನಾಲ್ಕು ಜನ ಹೊತ್ಕೊಂಡು ಬರ್ತಾರೆ."

"ಹೋದ ಸಲ ಹೊತ್ಕೊಂಡು ಹೋದ್ರಲ್ಲ, ಇಳಿಸೋಕೆ ಮರೆತ್ರಿ."

"ಅದೆಷ್ಟು ಸಲ ಅದನ್ನೇ ಹೇಳ್ತೀಯಾ ಮಾರಾಯ್ತಿ. ಮತ್ತಿನ್ನೇನ್ ಮಾಡ್ಲಿ ನಾನು? ಕಟ್ಟಡ ಬಗ್ಗಿಸ್ಲಾ?"

ಅವಳು ಅವನ ಲೋಟಕ್ಕೆ ಇನ್ನಷ್ಟು ಚಹಾ ಸುರಿದಳು. ಥೆಲ್ಮಾ ಉಪಚಾರ ಮಾಡಿದರೆ ಹೆದರಬೇಕು. ಅದು ತಿಳಿಯದ ಕ್ಲಾರಿ ಕುಡಿದು ಹೋದ.

ಭಾನುವಾರ ಬೆಳಿಗ್ಗೆ ನಾನು ಹೋದಾಗ ಅವಳು ಕಟ್ಟಡದ ಬಾಗಿಲಿಗೆ ಅಡ್ಡವಾಗಿ ಕುರ್ಚಿ ನಿಲ್ಲಿಸಿಕೊಂಡು, ದೊಡ್ಡ ಟೋಪಿ ಹಾಕಿಕೊಂಡು ಕೂತಿದ್ದಳು. ಕುತ್ತಿಗೆಗೆ ಬಿಯರ್ ಪೆಟ್ಟಿಗೆಯ ರಟ್ಟು. ಅದರ ಮೇಲೆ ದಪ್ಪಕ್ಷರದಲ್ಲಿ 'ಇಲ್ಲಿ ಮುಷ್ಕರ' ಎಂದು ಬರೆದಿತ್ತು. ನಾನು ಅಲ್ಲೇ ನಿಂತೆ.

ಹಿಂದೆಯೇ ನೆವ್ ಬಂದ. ಒಂದು ಕಾಲು ಆಗಲೇ ಹೊಸ್ತಿಲ ಕಡೆ ಎತ್ತಿದ್ದ.

"ಏನೇ ಥೆಲ್ ಇದು?"

"ಕಣ್ಣು ಕಾಣಲ್ವಾ? ಪಿಕೆಟ್ಟು."

"ಒಬ್ಬಳೇ?"

"ಒಬ್ಬರಿದ್ರೂ ಗೆರೆ ಗೆರೆನೇ ಅಂತ ಕ್ಲಾರಿ ಹೇಳ್ತಾನಲ್ಲ, ಮರೆತ್ಯಾ?"

ನೆವ್ ಕೆಂಡ ತುಳಿದವನಂತೆ ಕಾಲು ಹಿಂದಕ್ಕೆಳೆದುಕೊಂಡ. ನಮ್ಮೂರಲ್ಲಿ ಕುಡಿದು ಬಿದ್ದವನನ್ನು ಕ್ಷಮಿಸುತ್ತಾರೆ, ಹೆಂಡತಿಯನ್ನು ಬಿಟ್ಟವನನ್ನೂ ಹೇಗೋ ಕ್ಷಮಿಸುತ್ತಾರೆ. ಮುಷ್ಕರದವರು ಬಾಗಿಲಿಗೆ ಅಡ್ಡ ನಿಲ್ಲುವ ಪಿಕೆಟ್ ಗೆರೆ ದಾಟಿ ಒಳಗೆ ಹೋದವನ ಮೊಮ್ಮಗನಿಗೂ ಹೆಣ್ಣು ಸಿಗುವುದು ಕಷ್ಟ. ಹಳೆಯ ಕಾಲದಲ್ಲಿ ಬಂದರಿನ ಬಾಗಿಲಲ್ಲಿ ಮುಷ್ಕರಕ್ಕೆ ಒಬ್ಬನೇ ಒಬ್ಬ ಮುದುಕ ನಿಂತಿದ್ದನಂತೆ, ನಮ್ಮ ಸಂಘದ ಬ್ಯಾಂಡು ಬಾಜಾ ಸಮೇತ ಹಿಂದಕ್ಕೆ ತಿರುಗಿತಂತೆ. ಈ ಕತೆಯನ್ನು ಕ್ಲಾರಿ ಪ್ರತಿ ಸಭೆಯಲ್ಲೂ ಹೇಳುತ್ತಿದ್ದ, ಪ್ರತಿ ಸಲವೂ ಮೇಜು ಗುದ್ದಿ ಮುಗಿಸುತ್ತಿದ್ದ.

ಒಬ್ಬೊಬ್ಬರೇ ಬಂದರು. ರಟ್ಟು ಓದಿದರು, ಟೋಪಿ ತೆಗೆದರು, ರಸ್ತೆಯಾಚೆಯ ಅಂಗಡಿಯ ನೆರಳಿಗೆ ಸರಿದರು. ಪೂರ್ತಿ ಸಂಘ ಫುಟ್‌ಪಾತಿನ ಮೇಲಿತ್ತು. ಮೇಲಿದ್ದವನು ಕ್ಲಾರಿ ಒಬ್ಬನೇ. ಅವನ ಮೊಣಕಾಲು ಕೆಟ್ಟಿದ್ದರಿಂದ ಬೆಳಗಾಗುತ್ತಲೇ ಹತ್ತಿ, ಕುರ್ಚಿ ಜೋಡಿಸಿ, ಚಹಾ ಕಾಯಿಸಿ, ಹೆಂಡತಿ ಮಾಡಿದ ಲ್ಯಾಮಿಂಗ್ಟನ್ ಕೇಕುಗಳನ್ನು ತಟ್ಟೆಗೆ ಇಟ್ಟುಕೊಂಡು ಕಾಯುತ್ತಿದ್ದ. ಗಂಟೆ ಬಾರಿಸಿದ. ಯಾರೂ ಬರಲಿಲ್ಲ. ಮತ್ತೆ ಬಾರಿಸಿದ. ಆಮೇಲೆ ಕಿಟಕಿಯಿಂದ ತಲೆ ಹೊರಬಂತು.

"ಏನ್ರೋ ಅದು ಕೆಳಗೆ ಜಾತ್ರೆ? ಮೇಲೆ ಬನ್ನಿ."

"ಬರೋಕಾಗಲ್ಲ" ಎಂದ ನೆವ್. "ಪಿಕೆಟ್ ಇದೆ."

ಕ್ಲಾರಿ ಬಗ್ಗಿ ನೋಡಿದ. ಟೋಪಿ ಕಂಡಿತು. "ಥೆಲ್ಮಾ, ಅದು ಯಜಮಾನರ ಮೇಲೆ ಮಾಡೋದು ಕಣೇ. ಸ್ವಂತ ಸಂಘದ ಮೇಲೆ ಮಾಡ್ತಾರಾ ಯಾರಾದ್ರೂ?"

"ನನ್ನ ಕೆಲಸ ಕಿತ್ಕೊಳ್ಳೋನು ಯಜಮಾನ ಅಲ್ದೆ ಇನ್ಯಾರು, ಸೋದರಮಾವನಾ?"

ಫುಟ್‌ಪಾತ್ ನಕ್ಕಿತು. ಕ್ಲಾರಿಗೆ ಬಾಯಲ್ಲಿ ಬಿಸಿ ತುಪ್ಪ. ಗೆರೆ ಅಲ್ಲವೆಂದರೆ ಬಂದರಿನ ಮುದುಕನಿಗೆ ದ್ರೋಹ, ಹೌದೆಂದರೆ ಸಭೆ ಇಲ್ಲ.

"ಕ್ಲಾರಿ" ಎಂದ ನೆವ್, "ಸಭೆ ಅಂದ್ರೆ ಕೋಣೆನೋ ಜನಾನೋ?"

"ನನ್ನೇನ್ ಕೇಳ್ತೀಯಾ? ಉಪಾಧ್ಯಕ್ಷೆ ಅಲ್ಲೇ ಇದಾಳಲ್ಲ, ಅವಳನ್ನ ಕೇಳು."

ಆ ಉಪಾಧ್ಯಕ್ಷೆ ನಾನೇ. ಆ ಪದವಿಯಲ್ಲಿ ಅಲ್ಲಿಯವರೆಗೆ ನಾನು ಮಾಡಿದ್ದು ಲೋಟ ತೊಳೆದದ್ದು ಅಷ್ಟೇ. ಎಲ್ಲರೂ ನನ್ನ ಕಡೆ ತಿರುಗಿದರು, ನನಗೆ ಖುಷಿಯೇ ಆಯಿತು. "ಸಂಘ ಎಲ್ಲಿದೆಯೋ ಸಭೆ ಅಲ್ಲೇ. ಶುರು ಮಾಡೋಣ" ಎಂದೆ. "ಕ್ಲಾರಿ, ಆ ಕೇಕು ಕಳಿಸು."

ಬೈಯುತ್ತಲೇ ಪಿಯಾನೋದ ರಾಟೆಗೆ ಬಕೆಟ್ ಕಟ್ಟಿ ಕೇಕು ಇಳಿಬಿಟ್ಟ.

ಥೆಲ್ಮಾ ದೊಡ್ಡ ಭಾಷಣ ಮಾಡಲಿಲ್ಲ. "ಸೀಗಲ್‌ನಲ್ಲಿ ನಾನು ನುಡಿಸಿದ್ದು ಚೆನ್ನಾಗಿಲ್ಲ ಅನ್ನೋರು ಕೈ ಎತ್ತಿ, ಈಗ್ಲೇ ಮನೆಗೆ ಹೋಗ್ತೀನಿ" ಎಂದಳು. ಯಾರೂ ಎತ್ತಲಿಲ್ಲ. "ಹಾಗಾದ್ರೆ ನನ್ನ ಕೈ ನೋಡಿ ಕಳಿಸಿ, ಕಾಲು ನೋಡಿ ಅಲ್ಲ."

ಓಟಿಗೆ ಹಾಕುವ ಹೊತ್ತಿಗೆ ಮೇಲಿನಿಂದ ದನಿ ಬಂತು. "ನನ್ನ ಓಟೂ ಬರ್ಕೊಳ್ರಪ್ಪ."

"ಸಭೆಯಲ್ಲಿ ಇದ್ದೋರಿಗೆ ಮಾತ್ರ ಓಟು" ಎಂದೆ.

"ನನ್ನ ಮೊಣಕಾಲು ಗೊತ್ತಲ್ಲ ಗ್ವೆನ್. ಹತ್ತಿದ್ದೇ ಹೆಚ್ಚು. ಇಳಿದು ಮತ್ತೆ ಹೇಗೆ—"

ಥೆಲ್ಮಾ ಟೋಪಿ ಹಿಂದಕ್ಕೆ ಸರಿಸಿ ಮೇಲೆ ನೋಡಿದಳು. "ಪಾಪ ಕ್ಲಾರಿ. ನಾಲ್ಕು ಜನ ಬಂದು ಹೊತ್ಕೊಂಡು ಬರ್ಬೇಕಾ?"

ಈ ಸಲ ಯಾರೂ ನಗಲಿಲ್ಲ. ಕಿಟಕಿಯಲ್ಲಿದ್ದ ತಲೆ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಮರದ ಮೆಟ್ಟಿಲ ಮೇಲೆ ಸದ್ದು. ಒಂದು ಹೆಜ್ಜೆ, ನಿಟ್ಟುಸಿರು, ಇನ್ನೊಂದು ಹೆಜ್ಜೆ. ನಾವೆಲ್ಲ ಕೇಕು ಅಗಿಯುವುದನ್ನೂ ನಿಲ್ಲಿಸಿ ಕಾದೆವು. ಬೆವರಿ ತೊಪ್ಪೆಯಾಗಿ ಬಾಗಿಲಿಗೆ ಬಂದ. ಥೆಲ್ಮಾ ಕುರ್ಚಿ ಸರಿಸಿ ದಾರಿ ಬಿಟ್ಟಳು. ಕೂರಲು ಅಲ್ಲಿ ಏನೂ ಇರಲಿಲ್ಲ, ಕುರ್ಚಿಗಳೆಲ್ಲ ಮೇಲಿದ್ದವು. ಅವಳ ಕುರ್ಚಿಯ ಹಿಡಿಯನ್ನೇ ಹಿಡಿದು ನಿಂತ.

"ಕ್ಷಮಿಸಮ್ಮ ಥೆಲ್" ಎಂದ. "ನಂಗೆ ತಲೆಗೇ ಹೋಗಿರ್ಲಿಲ್ಲ."

"ಮೊಣಕಾಲಿಗೆ ಹೋಯ್ತಲ್ಲ, ಸಾಕು ಬಿಡು."

ಕ್ಲಬ್ಬಿನ ಶರತ್ತು ಬೇಡ ಎಂದು ಎಲ್ಲ ಕೈಗಳೂ ಮೇಲೆದ್ದವು, ಕ್ಲಾರಿಯದೂ. ಥೆಲ್ಮಾಗೆ ಬಾಗಿಲಿಲ್ಲದ ಕಡೆ ನಮ್ಮಲ್ಲಿ ಯಾರೂ ನುಡಿಸುವುದಿಲ್ಲ ಎಂದು ಸೀಗಲ್‌ಗೆ ಹೇಳಿ ಕಳಿಸಿದೆವು. ಸಂಗೀತವಿಲ್ಲದ ಶನಿವಾರ ಅವರಿಗೆ ಒಂದೇ ಸಾಕಾಯಿತು. ಮರುವಾರವೇ ಮೆಟ್ಟಿಲ ಮೇಲೆ ಇಳಿಜಾರು ಹಲಗೆ ಬಂತು. ಬಿಯರ್ ಪೀಪಾಯಿ ಉರುಳಿಸಲು ಇದೇ ಸುಲಭ ಎಂದು ಅದೇ ಮ್ಯಾನೇಜರ್ ಆಮೇಲೆ ಊರೆಲ್ಲ ಹೇಳಿಕೊಂಡು ತಿರುಗಿದ.

ಆ ಭಾನುವಾರ ಇನ್ನೊಂದು ಓಟು ಉಳಿದಿತ್ತು. ಇನ್ನು ಮುಂದೆ ಸಭೆ ಕೆಳಗಿನ ಗೋದಾಮಿನಲ್ಲೇ ನಡೆಯಬೇಕು ಎನ್ನುವುದು. ಅದನ್ನು ಮಂಡಿಸಿದವನು ಕ್ಲಾರಿ. ಪಿಯಾನೋ ಗತಿ ಏನು ಎಂದು ಯಾರೋ ಕೇಳಿದರು. "ಅದೂ ಬಂದು ಅರ್ಜಿ ಹಾಕ್ಲಿ" ಎಂದಳು ಥೆಲ್ಮಾ. ಕೈ ಎತ್ತಿ ಎಂದೆ, ಎಲ್ಲರೂ ಎತ್ತಿದರು, ಎಣಿಸಿದೆ, ಎಲ್ಲರೂ ಇಳಿಸಿದರು. ಥೆಲ್ಮಾಳ ಕೈ ಮಾತ್ರ ಮೇಲೆಯೇ ಇತ್ತು.

"ಇಳಿಸೇ ಥೆಲ್, ಎಣಿಸಿ ಆಯ್ತು" ಎಂದೆ.

"ಇರ್ಲಿ ಬಿಡು ಗ್ವೆನ್" ಎಂದಳು. "ಇಷ್ಟು ವರ್ಷದ್ದು ಬಾಕಿ ಇದೆ."