ಮಾಸ್ಟ್ರು ಕೂಗಿದ ಮಾತು

ಹೋದ ವಾರ ನಮ್ಮ ಬೆಸೆಂಟ್ ನಗರದ ಕಟ್ಟಡಕ್ಕೆ ಬಣ್ಣ ಹೊಡೆಯುವವರು ಬಂದರು. ಬೆಳಿಗ್ಗೆ ಕಾಫಿ ಹಿಡಿದು ಬಾಲ್ಕನಿಯ ಬಾಗಿಲು ತೆರೆದರೆ ಎದುರಿಗೆ ಸವುಕು, ಅಂದರೆ ನಮ್ಮ ಕಡೆಯ ಸರ್ವೆ, ಮರದ ಕಂಬಗಳು. ಅಡ್ಡ ಉದ್ದ ನಿಲ್ಲಿಸಿ ತೆಂಗಿನ ನಾರಿನ ಹಗ್ಗದಿಂದ ಕಟ್ಟಿದ್ದರು. ಹಗ್ಗ ಇನ್ನೂ ಒದ್ದೆಯಾಗಿತ್ತು. ಒದ್ದೆ ನಾರಿಗೆ ಹಳೆಯ ಬಾವಿಕಟ್ಟೆಯಂಥ ಒಂದು ವಾಸನೆಯಿದೆ. ಅದಕ್ಕೆ ಸಮುದ್ರದ ಉಪ್ಪುಗಾಳಿ ಸೇರಿತ್ತು. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ನಿಂತೆ. ಕಾಫಿ ಆರಿಹೋಯಿತು. ಹೊರಗೆ ಕಾಲಿಡಲು ಆಗಲಿಲ್ಲ...

ನಾರಿನ ಹಗ್ಗವನ್ನು ನೆನೆಸಿ ಕಟ್ಟಿದರೆ ಸಾಲದು, ಒಣಗಿದ ಮೇಲೆ ಮತ್ತೆ ಬಿಗಿಯಬೇಕು. ಇದನ್ನು ನನಗೆ ಹೇಳಿದವರು ಒಬ್ಬ ಕಾಫಿ ಮಾಸ್ಟರು. ನಲವತ್ತು ವರ್ಷಕ್ಕೂ ಹಿಂದಿನ ಮಾತು. ಆಗ ಈ ಊರನ್ನು ನಾವೆಲ್ಲ ಮದ್ರಾಸು ಎನ್ನುತ್ತಿದ್ದೆವು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ತುಮಕೂರಿನಲ್ಲಿ ಬಿ.ಎ. ಮುಗಿಸಿದ ನನಗೆ ಬ್ಯಾಂಕಿನ ಗುಮಾಸ್ತೆಯ ಕೆಲಸ ಸಿಕ್ಕಿ, ವಡಪಳನಿಯ ಶಾಖೆಗೆ ಬಂದಿದ್ದೆ. ತಮಿಳು ಒಂದಕ್ಷರ ಬರುತ್ತಿರಲಿಲ್ಲ. ಮೊದಲ ದಿನ ಮಧ್ಯಾಹ್ನ ಹಸಿವಾಗಿ, ಬ್ಯಾಂಕಿನ ಎದುರಿನ ಉಡುಪಿಯವರ ಹೋಟೆಲಿಗೆ ಹೋದೆ. ಒಳಗೆ ಕಾಲಿಡಲು ಜಾಗವಿರಲಿಲ್ಲ. ಅರ್ಧ ದೇವಸ್ಥಾನದ ಜನ, ಅರ್ಧ ಸ್ಟುಡಿಯೋ ಕೆಲಸಗಾರರು. ಒಬ್ಬರ ಹಣೆಯಲ್ಲಿ ವಿಭೂತಿ, ಪಕ್ಕದವರ ಕೆನ್ನೆಯಲ್ಲಿ ಇನ್ನೂ ಒರೆಸದ ಬಣ್ಣ. ಅಷ್ಟರಲ್ಲಿ ಹಿಂದಿನಿಂದ ಒಂದು ಗಂಟಲು ಕೂಗಿತು: "ತಳ್ಳಿ! ತಳ್ಳಿ!"

ಈ ಊರಲ್ಲಿ ಕೊನೆಗೂ ಒಂದು ಕನ್ನಡದ ಮಾತು ಎಂದುಕೊಂಡೆ. ಹಿಂದೆ ಮುಂದೆ ಯೋಚಿಸದೆ ಎದುರಿಗಿದ್ದವರ ಬೆನ್ನಿಗೆ ಕೈಯಿಟ್ಟು ತಳ್ಳಿಯೇಬಿಟ್ಟೆ. ಅವರು ಮುಗ್ಗರಿಸಿ, ಇನ್ನೊಬ್ಬರ ಸಾಂಬಾರಿನ ಬಟ್ಟಲಿಗೆ ಕೈ ಅದ್ದಿ, ತಿರುಗಿ ನೋಡಿದರು.

"ಯಾರಮ್ಮಾ ಅದು? ಕಣ್ಣು ತೆರಿಯಲೆಯಾ, ಕಾಣಲ್ವಾ?"

ಅವರು ನಮ್ಮ ಶಾಖೆಯ ಹೆಡ್ ಕ್ಯಾಷಿಯರ್. ಮೂರು ತಲೆಮಾರಿನ ಹಿಂದೆ ಇಲ್ಲಿಗೆ ಬಂದ ಕನ್ನಡದ ಮನೆತನ. ಅವರ ಕನ್ನಡ ಯಾವಾಗ ತಮಿಳಾಗುತ್ತಿತ್ತು, ಯಾವಾಗ ಮರಳಿ ಬರುತ್ತಿತ್ತು, ಅವರಿಗೇ ತಿಳಿಯುತ್ತಿರಲಿಲ್ಲ. ನನ್ನ ಹಿಂದೆ, ಎರಡು ಕೈಯಲ್ಲೂ ಹೊಗೆಯಾಡುವ ಕಾಫಿ ಲೋಟಗಳನ್ನು ಹಿಡಿದು ನಿಂತಿದ್ದವರು ಮಾಸ್ಟ್ರು. ನಗು ತಡೆಯಲಾಗದೆ ಲೋಟಗಳು ಕುಲುಕುತ್ತಿದ್ದವು.

"ಅಯ್ಯೋ ಮಾರಾಯ್ತಿ, ಅವರನ್ನ ಎಂತಕ್ಕೆ ದೂಡಿದ್ದು?"

"ನೀವೇ ಅಂದ್ರಲ್ಲ, ತಳ್ಳಿ ಅಂತ."

"ತಳ್ಳಿ ಅಂದ್ರೆ ಇಲ್ಲಿ ಸರಿದು ನಿಲ್ಲಿ ಅಂತ ಅಮ್ಮ. ತಮಿಳು! ತಳ್ಳಿ ನಿಲ್ಲುಂಗೊ ಅಂತ ಪೂರ್ತಿ ಹೇಳುವಷ್ಟರಲ್ಲಿ ಕಾಫಿ ಆರ್ತದೆ. ನಮ್ಮೂರಲ್ಲಾದ್ರೆ ನಾವು ದೂಡುದು, ತಳ್ಳುದಲ್ಲ. ನಿಮ್ಮ ಕಡೆಯ ತಳ್ಳಿಗೆ ಈ ಊರಲ್ಲಿ ಬೇರೆಯೇ ಅರ್ಥ."

ಮಾಸ್ಟ್ರು ಉಡುಪಿಯ ಆಚೆಯ ಯಾವುದೋ ಊರಿನವರು. ಮದ್ರಾಸಿಗೆ ಬಂದು ಮೂವತ್ತು ವರ್ಷವಾಗಿತ್ತು. ಅವರು ಕಾಫಿ ಬೆರೆಸುವುದನ್ನು ನೋಡುವುದೇ ಒಂದು ಸುಖವಾಗಿತ್ತು. ಬಲಗೈ ತಲೆಗಿಂತ ಮೇಲೆ ಹೋಗುತ್ತಿತ್ತು, ಎಡಗೈ ಸೊಂಟದ ಕೆಳಗೆ. ನಡುವೆ ಕಂದು ಬಣ್ಣದ ಒಂದು ಎಳೆ, ಗಾಳಿಯಲ್ಲಿ ಸ್ವಲ್ಪ ಬಾಗಿ, ಮುರಿಯದೆ ನಿಂತುಬಿಡುತ್ತಿತ್ತು. ಮಧ್ಯಾಹ್ನದ ಬೆಳಕು ಅದರ ಮೂಲಕ ಹಾದು ಬರುತ್ತಿತ್ತು. ಅದು ಬೀಳುತ್ತಿದೆಯೋ ಏರುತ್ತಿದೆಯೋ ಎಂದು ಎಷ್ಟೋ ಸಲ ಮರೆತು ನಿಂತಿದ್ದೇನೆ...

ಆ ಹೋಟೆಲಿನ ಕನ್ನಡದವರನ್ನೂ ನಮ್ಮ ಬ್ಯಾಂಕಿನ ಕನ್ನಡದವರನ್ನೂ ಒಟ್ಟು ಸೇರಿಸಿದ್ದು ಬಾಸ್ಕೆಟ್‌ಬಾಲ್. ನಮ್ಮ ಬ್ಯಾಂಕಿಗೊಂದು ತಂಡವಿತ್ತು. ಆಡುವುದಕ್ಕಾಗಿಯೇ ಸಂಬಳ ಕೊಟ್ಟು ಕರೆತಂದ ಆಟಗಾರರು. ಕಚೇರಿಯಲ್ಲಿ ಅವರಿಗೂ ಕುರ್ಚಿಗಳಿದ್ದವು, ಅವರು ಕೂತದ್ದನ್ನು ಯಾರೂ ಕಂಡಿರಲಿಲ್ಲ. ಸೀಸನ್ ಶುರುವಾಗುವ ಮುಂಚೆ ಶಾಖೆಯ ಹಿಂದಿನ ಬೀದಿಯ ಸಿಮೆಂಟು ಅಂಗಳದಲ್ಲಿ ಮೂರೋ ನಾಲ್ಕೋ ಅಭ್ಯಾಸ ಪಂದ್ಯಗಳು ನಡೆಯುತ್ತಿದ್ದವು. ನಮಗೆ ಅಸಲಿ ಹಬ್ಬ ಅದೇ. ಲೀಗ್ ಪಂದ್ಯಗಳು ಊರಿನ ಇನ್ನೊಂದು ಮೂಲೆಯಲ್ಲಿ. ಇವು ನಮ್ಮ ಕೈಗೆಟಕುವಂಥವು. ಸಂಜೆ ಐದಕ್ಕೆ ಬ್ಯಾಂಕಿನಿಂದ ನೇರ ಅಲ್ಲಿಗೆ. ವಿರಾಮದ ಹೊತ್ತಿಗೆ ಮಾಸ್ಟ್ರು ಕಾಫಿಯ ಡ್ರಮ್ಮಿನೊಂದಿಗೆ ಬರುತ್ತಿದ್ದರು. ಅವರು ಒಮ್ಮೆಯೂ ಚೆಂಡು ಮುಟ್ಟಿದವರಲ್ಲ. "ಮೇಲಿಂದ ಕೆಳಗೆ ಸರಿಯಾಗಿ ಬೀಳ್ಬೇಕು, ಅಷ್ಟೇ ಅಲ್ವಾ? ಕಣ್ಣು ಬಟ್ಟಲ ಮೇಲಿದ್ರೆ ಕೈ ತಾನಾಗಿ ಬರ್ತದೆ" ಎನ್ನುತ್ತಿದ್ದರು.

ಆ ವರ್ಷ ಉತ್ತರದ ಕಡೆಯಿಂದ ಒಬ್ಬ ತುಂಬ ಎತ್ತರದ ಹೊಸ ಆಟಗಾರ ಬಂದಿದ್ದ. ಮೊದಲ ಪಂದ್ಯದಲ್ಲೇ ಅವನಿಗೆ ತೆಂಗಿನಮರ ಎಂದು ಹೆಸರಿಟ್ಟೆವು. ಚೆಂಡು ಸಿಕ್ಕರೆ ಬುಟ್ಟಿಯ ಬಳೆಯ ಕೆಳಗೆ ನಿಂತು ಯೋಚನೆ ಮಾಡುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕಿರುಚಿದೆ: "ತಳ್ಳಿ! ಒಳಗೆ ತಳ್ಳಿ!"

ಹೆಡ್ ಕ್ಯಾಷಿಯರ್ ತಮ್ಮ ಬೆನ್ನು ಮುಟ್ಟಿ ನೋಡಿಕೊಂಡರು. ಹೋಟೆಲಿನವರೂ ಬ್ಯಾಂಕಿನವರೂ ಬಿದ್ದು ಬಿದ್ದು ನಕ್ಕರು. ಅಲ್ಲಿಂದ ಅದು ನಮ್ಮ ಘೋಷಣೆಯಾಯಿತು. "ತ-ಳ್ಳಿ!" ಎಂದು ಕೂಗಿ ಎರಡು ಸಲ ಕಾಲು ಕುಟ್ಟಬೇಕು. ತಮಿಳಿನವರಿಗೂ ತೊಂದರೆಯಾಗಲಿಲ್ಲ, ಎದುರಾಳಿಗಳಿಗೆ ಸರಿದು ನಿಲ್ಲಲು ಹೇಳುತ್ತಿದ್ದೇವೆ ಎಂದುಕೊಂಡು ಅವರೂ ಸೇರಿಕೊಂಡರು. ಮಾಸ್ಟ್ರೂ ಕಾಲು ಕುಟ್ಟುತ್ತಿದ್ದರು, ಬಾಯಲ್ಲಿ ಮಾತ್ರ "ದೂಡಿ" ಎನ್ನುತ್ತಿದ್ದರು.

ಮೊದಲ ಎರಡು ಪಂದ್ಯ ಸೋತೆವು. ಹೋಟೆಲಿನಲ್ಲಿ ಸೂತಕದ ಕಳೆ.

"ಈ ಸಲ ಕಪ್ಪೂ ಇಲ್ಲ, ಸಾಸರೂ ಇಲ್ಲ" ಎಂದೆ ನಾನು.

"ತೆಂಗಿನಮರ ಹೌದು, ಕಾಯಿ ಮಾತ್ರ ಬೀಳುದಿಲ್ಲ" ಎಂದರು ಮಾಸ್ಟ್ರು.

ಹೆಡ್ ಕ್ಯಾಷಿಯರ್ ಮಾತ್ರ ಕದಲಲಿಲ್ಲ. "ಪ್ರಾಕ್ಟೀಸ್ ಮ್ಯಾಚ್ ತಾನೇಪ್ಪಾ? ಸೀಸನ್ ಬರಲಿ, ಅಪ್ಪುರಂ ನೋಡು."

ಕೂರಲು ಸವುಕು ಕಂಬಗಳ ಮೇಲೆ ಹಲಗೆ ಹಾಸಿ ಗ್ಯಾಲರಿ ಕಟ್ಟಿಸಿದ್ದರು. ಹಲಗೆಗಳು ಯಾವುದೋ ಸ್ಟುಡಿಯೋದಲ್ಲಿ ಸೆಟ್ಟು ಬಿಚ್ಚಿದಾಗ ಬಂದವು. ಅವುಗಳ ಮೇಲೆ ಆಕಾಶ ಬರೆದಿತ್ತು. ತಿಳಿ ನೀಲಿ, ಅಲ್ಲಲ್ಲಿ ಬಿಳಿ ಮೋಡ, ಒಂದು ತುದಿಯಲ್ಲಿ ಅರ್ಧ ಹಾರುತ್ತಿದ್ದ ಹಂಸ. ಜೋಡಿಸುವಾಗ ಸಾಲು ತಪ್ಪಿ ಹಂಸದ ಕೊರಳು ಒಂದು ಕಡೆ, ರೆಕ್ಕೆ ಇನ್ನೊಂದು ಕಡೆ. ನಾವು ಸೀರೆ ಮುದುಡಿಕೊಂಡು ಮೋಡಗಳ ಮೇಲೆ ಕೂರುತ್ತಿದ್ದೆವು. ಸಂಜೆಗಾಳಿ ಹಲಗೆಗಳ ಸಂದಿಯಿಂದ ಮೇಲೆ ಬರುತ್ತಿತ್ತು. ನಾನು ಮನೆಯಿಂದ ಅಷ್ಟು ದೂರ ಬಂದು, ಅಷ್ಟು ನಿಶ್ಚಿಂತೆಯಾಗಿ ಬೇರೆಲ್ಲೂ ಕೂತದ್ದು ನೆನಪಿಲ್ಲ.

ಮೂರನೆಯ ಪಂದ್ಯದ ದಿನ ಮಧ್ಯಾಹ್ನ ಮಾಸ್ಟ್ರು ಹೇಳಿದ್ದು ಹಗ್ಗದ ಮಾತು. ಅವರ ಊರಲ್ಲಿ ಚಪ್ಪರ ಕಟ್ಟಿ ಅಭ್ಯಾಸವಿತ್ತಂತೆ. ಹತ್ತು ದಿನ ಬಿಸಿಲಿಗೆ ಒಣಗಿದ ಗಂಟುಗಳು ಸಡಿಲವಾಗಿವೆ, ಮತ್ತೆ ಬಿಗಿಸಲು ಹೇಳಿ ಎಂದರು. ನಾನು ಹೆಡ್ ಕ್ಯಾಷಿಯರಿಗೆ ಹೇಳಿದೆ. ಅವರು ಮೇಲಿನವರಿಗೆ ಹೇಳಿದರು. ಪ್ರಾಕ್ಟೀಸ್ ಮ್ಯಾಚ್ ತಾನೇ ಎಂದು ಉತ್ತರ ಬಂತು.

ಆ ಸಂಜೆ ತೆಂಗಿನಮರ ಆಡಿದ. ಏನಾಯಿತೋ ಗೊತ್ತಿಲ್ಲ, ಅವನು ಯೋಚಿಸುವುದನ್ನು ಬಿಟ್ಟಿದ್ದ. ಚೆಂಡು ಅವನ ಕೈಯಿಂದ ಎದ್ದು, ಬಿಸಿಲಿನಲ್ಲಿ ಒಂದು ಕ್ಷಣ ತಂಗಿ, ಬಲೆಯ ಮೂಲಕ ಸದ್ದಿಲ್ಲದೆ ಇಳಿಯುತ್ತಿತ್ತು. ಮಾಸ್ಟ್ರ ಕಾಫಿಯ ಹಾಗೆ... ಒಂದು ಅಂಕ ಹಿಂದಿದ್ದೆವು. ಗ್ಯಾಲರಿಯೇ ಎದ್ದು ನಿಂತಿತ್ತು. ನಾನು ಮೇಲಿನಿಂದ ಎರಡನೆಯ ಸಾಲಿನಲ್ಲಿದ್ದೆ. ಕಾಲ ಕೆಳಗೆ ಏನೋ ಕದಲಿದಂತಾಗಿ ಬಗ್ಗಿ ನೋಡಿದೆ.

ಹಲಗೆಗಳ ಸಂದಿಯಲ್ಲಿ ಮಾಸ್ಟ್ರ ಮುಖ ಕಂಡಿತು. ಡ್ರಮ್ಮು ಪಕ್ಕದಲ್ಲಿ ಉರುಳಿತ್ತು. ಅವರು ಒಂದು ಕಂಬಕ್ಕೆ ಬಲ ಭುಜ ಕೊಟ್ಟು, ಮುಖ ಮೇಲೆತ್ತಿ, ಕತ್ತಿನ ನರ ಉಬ್ಬುವಂತೆ ಕೂಗುತ್ತಿದ್ದರು.

"ತಳ್ಳಿ! ತಳ್ಳಿ!"

ನನಗೆ ಎಷ್ಟು ಸಂತೋಷವಾಯಿತು ಎಂದರೆ... ಕೊನೆಗೂ ನನ್ನ ಮಾತು ಅವರ ಬಾಯಲ್ಲಿ! ನಾನು ನಕ್ಕು, ಕೈ ಬೀಸಿ, ಅವರಿಗಿಂತ ಜೋರಾಗಿ ಕೂಗಿದೆ. ಎರಡು ಸಲ ಕಾಲು ಕುಟ್ಟಿದೆ. ನನ್ನನ್ನು ನೋಡಿ ನನ್ನ ಸಾಲು ಕುಟ್ಟಿತು. ಆ ಸಾಲನ್ನು ನೋಡಿ ಉಳಿದವರು. ಮಾಸ್ಟ್ರ ಬಾಯಿ ಇನ್ನೂ ಅದೇ ಶಬ್ದವನ್ನು ಮಾಡುತ್ತಿತ್ತು. ಕಣ್ಣು ನಗುತ್ತಿರಲಿಲ್ಲ. ಅದನ್ನು ನಾನು ನೋಡಿದೆ. ನೋಡಿದೆ, ಮತ್ತೂ ಒಂದು ಸಲ ಕುಟ್ಟಿದೆ.

ಆಮೇಲಿನದು ಇವತ್ತಿಗೂ ನನ್ನೊಳಗೆ ತುಂಬ ನಿಧಾನವಾಗಿ ನಡೆಯುತ್ತದೆ. ಆಕಾಶ ಒಂದು ಪಕ್ಕಕ್ಕೆ ವಾಲುತ್ತದೆ. ಹಂಸದ ರೆಕ್ಕೆ ಬೇರೆಯಾಗಿ ಎದ್ದು ನಿಲ್ಲುತ್ತದೆ. ನನ್ನ ಸೆರಗು ಯಾವುದೋ ಮೊಳೆಗೆ ಸಿಕ್ಕಿ ನಾನು ನೇತಾಡುತ್ತೇನೆ, ಸೆರಗು ಹರಿಯುತ್ತದೆ, ನೆಲ ಮೇಲೆ ಬರುತ್ತದೆ... ಶಬ್ದ ಮಾತ್ರ ಇಲ್ಲ.

ಗ್ಯಾಲರಿ ಒಮ್ಮೆಗೇ ಬೀಳಲಿಲ್ಲ. ಮಾಸ್ಟ್ರ ಭುಜ ಇದ್ದಷ್ಟು ಹೊತ್ತು ಆ ಬದಿ ನಿಂತಿತ್ತು. ಕೆಳಗಿನ ಸಾಲಿನವರೆಲ್ಲ ಅಷ್ಟರಲ್ಲಿ ಓಡಿ ಪಾರಾದರು. ನಮಗೆ ಕೈಕಾಲು ಮುರಿದವು, ತರಚಿದವು, ಜೀವ ಹೋಗಲಿಲ್ಲ. ಅವರನ್ನು ಹಲಗೆಗಳ ಅಡಿಯಿಂದ ಎಳೆದಾಗ ಬಲಭುಜ ನಜ್ಜುಗುಜ್ಜಾಗಿತ್ತು. ಮೈಮೇಲೆಲ್ಲ ಕಾಫಿ ಚೆಲ್ಲಿತ್ತು. ತೆಂಗಿನಮರವೇ ಅವರನ್ನು ಮಗುವಿನಂತೆ ಎತ್ತಿಕೊಂಡು ರಸ್ತೆಯವರೆಗೆ ಓಡಿದ.

ವಾರದ ನಂತರ ಆಸ್ಪತ್ರೆಗೆ ಹೋದೆ. ನನ್ನ ಎಡಗೈಗೂ ಪಟ್ಟಿ ಹಾಕಿತ್ತು. ಅವರು ಗೋಡೆಯ ಕಡೆ ನೋಡುತ್ತಿದ್ದರು.

"ನಾನು ಅಷ್ಟು ಕೂಗಿದೆ" ಎಂದರು. "ನೀವು ಕುಣಿದ್ರಿ. ಎಂತಕ್ಕೆ ಅಂತ ದಿನಾ ಯೋಚಿಸ್ತೇನೆ."

ಅವರಿಗೆ ಸಮಾಧಾನವಾಗಲಿ ಎಂದುಕೊಂಡೆ. ಇಲ್ಲ, ನನಗೆ ಸಮಾಧಾನ ಬೇಕಿತ್ತು. ಓದಿದವಳಲ್ಲವೇ, ಚೆನ್ನಾಗಿ ಬಿಡಿಸಿ ಹೇಳಿದೆ. ನೀವು ತಮಿಳಿನ ತಳ್ಳಿ ಕೂಗಿದಿರಿ ಮಾಸ್ಟ್ರೇ, ನಮಗೆ ಕನ್ನಡದ ತಳ್ಳಿ ಕೇಳಿಸಿತು, ನಮ್ಮ ಘೋಷಣೆ ಅಂದುಕೊಂಡು ನಾವು ಕಾಲು ಕುಟ್ಟಿದೆವು... ನಾನು ಎನ್ನಬೇಕಾದಲ್ಲೆಲ್ಲ ನಾವು ಎಂದೆ.

ಅವರು ಗೋಡೆಯಿಂದ ನನ್ನ ಕಡೆ ತಿರುಗಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಹಾಗಾದ್ರೆ ನಾನೇ ಬೀಳಿಸಿದ್ದಾ?"

"ಅಯ್ಯೋ, ಹಾಗಲ್ಲ..."

"ಸರೀರಿ ಅಂತಾದ್ರೂ ಹೇಳ್ಬಹುದಿತ್ತು. ಇಳೀರಿ ಅಂತಾದ್ರೂ. ಹೆತ್ತ ತಾಯಿಯ ಭಾಷೆ ಅಮ್ಮ, ಆ ಹೊತ್ತಿಗೆ ಬಾಯಿಗೇ ಬರ್ಲಿಲ್ಲ."

ಆಗ ಹೇಳಬೇಕಿತ್ತು. ನಿಮ್ಮ ಕಣ್ಣು ನಾನು ನೋಡಿದ್ದೆ, ಮೊದಲು ಕುಟ್ಟಿದ್ದು ನಾನು, ಎಂದು ಒಂದು ವಾಕ್ಯ. ನರ್ಸು ಬಂದರು. ನಾನು ಎದ್ದೆ.

ಹೋಟೆಲಿನ ಯಜಮಾನರು ಒಳ್ಳೆಯವರು, ಮಾಸ್ಟ್ರನ್ನು ಕೆಲಸದಿಂದ ಬಿಡಿಸಲಿಲ್ಲ. ಆದರೆ ಆ ಬಲಗೈ ಮತ್ತೆ ಎದೆಯ ಮಟ್ಟಕ್ಕಿಂತ ಮೇಲೆ ಬರಲಿಲ್ಲ. ಬಾಗಿಲ ಬಳಿ ಕೂತು ಎಡಗೈಯಿಂದ ಬಾಳೆಲೆ ಒರೆಸಿ ಜೋಡಿಸುತ್ತಿದ್ದರು. ಒಳಗೆ ಯಾರಾದರೂ "ತಳ್ಳಿ!" ಎಂದರೆ ಅವರ ಕೈ ನಿಲ್ಲುತ್ತಿತ್ತು. ತಮಗೆ ದಾರಿ ಬೇಕಾದಾಗ "ಸರೀರಿ, ಸ್ವಲ್ಪ ಸರೀರಿ" ಎಂದು ಕನ್ನಡದಲ್ಲಿ ಕೇಳುತ್ತಿದ್ದರು. ತಮಿಳಿನ ಗಿರಾಕಿಗಳಿಗೆ ಅರ್ಥವಾಗುತ್ತಿರಲಿಲ್ಲ. ಯಾರೂ ಸರಿಯುತ್ತಿರಲಿಲ್ಲ. ಅವರು ಎಲೆಗಳನ್ನು ಹಿಡಿದುಕೊಂಡು, ದಾರಿ ಬಿಡುವವರೆಗೆ ಕಾಯುತ್ತಿದ್ದರು...

ಆ ವರ್ಷ ನಮ್ಮ ತಂಡ ಕಪ್ಪು ಗೆದ್ದಿತು. ಹೆಡ್ ಕ್ಯಾಷಿಯರ್ ಹೋಟೆಲಿಗೆಲ್ಲ ಸಿಹಿ ಹಂಚಿದರು. ಮಾಸ್ಟ್ರ ಎದುರು ಬಂದಾಗ ತಲೆ ತಗ್ಗಿಸಿ ತಟ್ಟೆ ಮುಂದೆ ಹಿಡಿದರು. ಮಾಸ್ಟ್ರು ಎಡಗೈ ಚಾಚಿ ಸಿಹಿ ತೆಗೆದುಕೊಂಡು, "ಕಾಯಿ ಬಿತ್ತಲ್ಲ" ಎಂದು ನಕ್ಕರು. ನನ್ನ ಕಡೆಗೂ ನೋಡಿ ನಕ್ಕರು. ಹೇಳಲು ಇದೇ ಹೊತ್ತು ಎಂದುಕೊಂಡೆ, ನಾಳೆ ಎಂದುಕೊಂಡೆ. ಎಂಬತ್ತರ ಮೊದಲ ವರ್ಷಗಳಲ್ಲಿ ಒಂದು ಸೋಮವಾರ ಬಾಗಿಲ ಬಳಿ ಬೇರೆ ಯಾರೋ ಎಲೆ ಒರೆಸುತ್ತಿದ್ದರು. ಊರಿಗೆ ಹೋದರು ಎಂದರು. ನಾಲ್ಕು ವರ್ಷದ ಮೇಲೆ, ಅವರ ಕಡೆಯಿಂದ ಬಂದ ಅಡುಗೆಯವರೊಬ್ಬರು, ತೀರಿಕೊಂಡರು ಎಂದರು. ನಾನು ಆಗ ಕಾಫಿ ಕುಡಿಯುತ್ತಿದ್ದೆ. ಕುಡಿದು ಮುಗಿಸಿ ಬ್ಯಾಂಕಿಗೆ ಹೋದೆ.

ಆ ವಾಕ್ಯ ನನ್ನಲ್ಲೇ ಉಳಿದಿದೆ. ಅವರು ಎರಡು ಭಾರಗಳನ್ನು ಹೊತ್ತರು. ಒಂದು ಭುಜದ ಮೇಲಿನದು, ಅದನ್ನು ಎಲ್ಲರೂ ಕಂಡರು. ಇನ್ನೊಂದನ್ನು ಹೊರಿಸಿದವಳು ನಾನು.

ಬಣ್ಣದವರು ಇನ್ನೂ ಇದ್ದಾರೆ. ಇವತ್ತು ಬೆಳಿಗ್ಗೆ ಬಾಗಿಲ ಬಳಿ ನಿಂತು ಆ ಗಂಟುಗಳನ್ನೇ ನೋಡುತ್ತಿದ್ದೆ. ಹಗ್ಗ ಒಣಗಿ ಬಣ್ಣ ತಿಳಿಯಾಗಿತ್ತು. ಕಂಬದ ಮೇಲಿದ್ದವನನ್ನು ಕರೆದು, ಒಣಗಿದ ಮೇಲೆ ಮತ್ತೆ ಬಿಗಿಯಬೇಕಪ್ಪಾ ಎಂದು ನನಗೆ ಬರುವ ತಮಿಳಿನಲ್ಲಿ ಹೇಳಿದೆ. ಅವನು ಗಂಟನ್ನು ಅಲುಗಿಸಿ ನೋಡಿ, ಹೌದೆಂಬಂತೆ ತಲೆಯಾಡಿಸಿ, ಕಾಲು ಊರಿ ಹಗ್ಗ ಎಳೆಯತೊಡಗಿದ. ಎಳೆಯುವ ಮುಂಚೆ ನನ್ನ ಕಡೆ ತಿರುಗಿ, "ತಳ್ಳಿ ನಿಲ್ಲುಂಗಮ್ಮಾ" ಎಂದ.

ಅವನು ಎರಡನೆಯ ಸಲ ಹೇಳಬೇಕಾಗಲಿಲ್ಲ.