ನೋಡೋರು ನೀವು, ಕೇಳೋಳು ನಾನು

ಎರಡು ತೆಂಗಿನ ಚಿಪ್ಪುಗಳನ್ನು ಕಿವಿಯ ಮೇಲೆ ಕವುಚಿ, ನೆತ್ತಿಯ ಮೇಲಿಂದ ದಪ್ಪನೆಯ ಪಟ್ಟಿಯೊಂದನ್ನು ಬಿಗಿದಂತೆ ಕಾಣುತ್ತಿತ್ತು ನಮ್ಮ ಅತ್ತೆಯ ಹೆಡ್‌ಫೋನು. ಬಲಗಿವಿಯ ಮೆತ್ತೆ ಸುಲಿದುಹೋದಾಗ ಅತ್ತೆ ತಮ್ಮ ಹಳೆಯ ಕೆಂಪು ರವಿಕೆಯ ತೋಳು ಕತ್ತರಿಸಿ ಅದಕ್ಕೆ ಹೊಲಿದರು. ಎಡಗಿವಿಯದು ಸುಲಿಯುವ ಹೊತ್ತಿಗೆ ಕೆಂಪು ಬಟ್ಟೆ ಸಿಗಲಿಲ್ಲ, ಹಸಿರು ಬಂತು. ಸುರುಳಿ ಸುರುಳಿ ವೈರು ಭುಜದಿಂದ ಇಳಿದು, ಸೊಂಟಕ್ಕೆ ಸಿಕ್ಕಿಸಿದ್ದ ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಗೆ ಸೇರುತ್ತಿತ್ತು. ಜಡೆಗೆ ಹೂ ಮುಡಿದರೆ ಪಟ್ಟಿಗೆ ತಗುಲಿ ಉದುರುತ್ತದೆಂದು ಮಲ್ಲಿಗೆಯ ಮಾಲೆಯನ್ನು ಆ ಪಟ್ಟಿಗೇ ಸುತ್ತಿಬಿಡುತ್ತಿದ್ದರು.

ನಮ್ಮೂರು ಆವತಿಗೆ ಏರ್‌ಪೋರ್ಟ್ ಹತ್ತಿರ, ತಲೆಯ ಮೇಲೆ ಸದಾ ವಿಮಾನಗಳು ಹಾರುತ್ತಿರುತ್ತವೆ. ಬೀದಿಯ ಮಕ್ಕಳು ಅತ್ತೆಗೆ ‘ಪೈಲಟ್ ಅಜ್ಜಿ’ ಎಂದು ಹೆಸರಿಟ್ಟರು. ನಾನು ಗದರಲು ಹೋದರೆ ಅತ್ತೆಯೇ ತಡೆದರು. “ಕೂಗ್ಲಿ ಬಿಡಮ್ಮ. ಬೀದಿ ಆ ಕೊನೇಲಿ ಕೂಗಿದ್ದು ನಂಗಿಲ್ಲಿ ಕೇಳಿಸ್ತಲ್ಲ!”

ಅವರ ಕಿವಿ ಚಿಕ್ಕಂದಿನಿಂದ ಸೋರುತ್ತಿತ್ತಂತೆ. ನಾನು ಸೊಸೆಯಾಗಿ ಬಂದಾಗ ಸ್ವಲ್ಪ ಗಟ್ಟಿಯಾಗಿ ಮಾತಾಡಿದರೆ ಸಾಕಾಗುತ್ತಿತ್ತು, ಬರಬರುತ್ತಾ ಕೂಗಬೇಕಾಯಿತು. ಸುತ್ತಲಿನ ಊರುಗಳ ಮದುವೆಗಳಲ್ಲಿ ಸೋಬಾನೆಗೆ ಮೊದಲ ಸೊಲ್ಲು ಎತ್ತುತ್ತಿದ್ದವರು ಅವರೇ. ಸೋಬಾನೆ ಅಂದರೆ ಒಬ್ಬರು ಒಂದು ಸಾಲು ಹಾಡಬೇಕು, ಉಳಿದ ಹೆಂಗಸರು ಅದನ್ನು ತಿರುಗಿ ಹಾಡಬೇಕು, ಅವರು ಮುಗಿಸುವ ತನಕ ಮೊದಲಿನವರು ಕಾಯಬೇಕು. ಒಂದು ಮದುವೆಯಲ್ಲಿ ಅತ್ತೆಗೆ ಆ ತಿರುಗಿ ಬರುವ ದನಿ ಕೇಳಿಸಲೇ ಇಲ್ಲ. ಹೆಂಗಸರಿನ್ನೂ ಅರ್ಧದಲ್ಲಿರುವಾಗ ಮುಂದಿನ ಸಾಲು ಎತ್ತಿದರು. ಮತ್ತೆ ಹಾಗೇ ಆಯಿತು. ಯಾರೋ ಕಿಸಕ್ಕನೆ ನಕ್ಕರು. ಆ ಸದ್ದು ಅತ್ತೆಗೆ ಕೇಳಿಸಲಿಲ್ಲ, ನಕ್ಕ ಬಾಯಿ ಕಂಡಿತು. ಮನೆಗೆ ಬಂದವರು ಊಟ ಮುಟ್ಟಲಿಲ್ಲ. ಆಮೇಲೆ ಮದುವೆಗಳಿಗೆ ಹೋಗುವುದನ್ನು ಬಿಟ್ಟರು. ಹಾಲು ಕರೆಯುವಾಗ ಗುನುಗುವುದನ್ನೂ ಬಿಟ್ಟರು. ಮನೆಯಲ್ಲಿ ಒಂದು ಬಾಗಿಲು ಮುಚ್ಚಿದಂತಾಯಿತು.

ಕೊನೆಗೆ ನಾನೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸೋರುವ ಕಿವಿಯೊಳಗೆ ಏನನ್ನೂ ತುರುಕಬಾರದು, ಹೊರಗಿನಿಂದ ಮುಚ್ಚುವ ಹೆಡ್‌ಫೋನು ಮತ್ತು ಸದ್ದು ಹೆಚ್ಚಿಸುವ ಪೆಟ್ಟಿಗೆ ಹಾಕಿ ನೋಡಿ ಎಂದರು ಡಾಕ್ಟರು. ದೇವನಹಳ್ಳಿಯ ಅಂಗಡಿಯಲ್ಲಿ ಅಂಥವು ಎರಡಿದ್ದವು. ಒಂದು ಬೆಳ್ಳಿ ಬಣ್ಣದ್ದು, ತೆಳ್ಳಗೆ, ಒಡವೆಯ ಹಾಗಿತ್ತು. ಇನ್ನೊಂದು ದಪ್ಪನೆಯ ಈ ಗಡವ. ಮೊದಲನೆಯದನ್ನು ಹಾಕಿಕೊಂಡು ಅತ್ತೆ ಮುಖ ಕಿವಿಚಿದರು. “ಕೊಡದೊಳಗೆ ಕೂತು ಮಾತಾಡಿದಂಗದೆ.” ಎರಡನೆಯದನ್ನು ಹಾಕಿದಾಗ ಬೆಚ್ಚಿಬಿದ್ದು ನನ್ನ ಕೈ ಹಿಡಿದರು.

“ನಿನ್ನ ಬಳೆ ಇಷ್ಟು ಸದ್ದು ಮಾಡ್ತವಾ?”

ಅಂಗಡಿಯ ಹುಡುಗಿಗೆ ಸಂಕೋಚ. “ಅದು ಹಳೇ ಮಾಡೆಲ್ಲು ಆಂಟಿ. ನೋಡೋಕೆ ಚೆನ್ನಾಗಿಲ್ಲ ಅಂತ ಯಾರೂ ತಗೊಳಲ್ಲ.”

“ನಾನೇನು ಇದನ್ನ ಮುಂದಿಟ್ಕೊಂಡು ನೋಡ್ತಾ ಕೂತ್ಕೊತೀನಾ? ಇದು ಇರೋದು ನನ್ನ ತಲೆ ಮ್ಯಾಲೆ. ನೋಡೋರು ನೀವು, ಕೇಳೋಳು ನಾನು.”

ಮನೆಯಲ್ಲಿ ಇದನ್ನು ಒಪ್ಪಿಕೊಳ್ಳಲು ಕಷ್ಟಪಟ್ಟವರು ನನ್ನ ಗಂಡ. “ಡೈರಿಗೆ ಹಾಲು ಹಾಕಕ್ಕೆ ಹೋಗುವಾಗಾದ್ರೂ ತೆಗೆದಿಡಮ್ಮ, ನಾಲ್ಕು ಜನ ಇರ್ತಾರೆ” ಎಂದರು.

ಅತ್ತೆ ಅಂದಚಂದ ಬೇಡವೆನ್ನುವ ಹೆಂಗಸಾಗಿರಲಿಲ್ಲ. ಕುಂಕುಮ ಒಂದಿಷ್ಟು ಓರೆಯಾದರೂ ಒರೆಸಿ ಮತ್ತೆ ಇಡುತ್ತಿದ್ದರು. ಹೊರಡುವ ಮುಂಚೆ ಸೀರೆಯ ನೆರಿಗೆಯನ್ನು ನನ್ನ ಕೈಯಲ್ಲಿ ಹಿಡಿಸಿ ಸರಿಮಾಡಿಸಿಕೊಳ್ಳುತ್ತಿದ್ದರು. ಅದೇ ನೆರಿಗೆ ಕೊಡವುತ್ತಾ ಮಗನಿಗೆ ಹೇಳಿದರು: “ಚಂದ ಬೇಡ ಅಂದೋರ್ಯಾರ್ಲಾ? ಚಂದಾನೂ ಇದ್ದು ಕೇಳಿಸೋ ಅಂಥದ್ದು ತಂದ್ಕೊಡು, ಹಾಕ್ಕೊತೀನಿ. ಅಲ್ಲೀಗಂಟ ಆ ನಾಲ್ಕು ಜನಕ್ಕೆ ಕಣ್ಣು ಮುಚ್ಕೊಳಕ್ಕೆ ಹೇಳು.”

ಎರಡು ವರ್ಷದ ನಂತರ ನನ್ನ ನಾದಿನಿಯ ಮಗಳ ಮದುವೆ ಬಂತು. ಏರ್‌ಪೋರ್ಟ್ ರಸ್ತೆಯ ದೊಡ್ಡ ಕಲ್ಯಾಣಮಂಟಪ, ಬೆಂಗಳೂರಿನ ಗಂಡಿನವರು. ಎಲ್ಲ ಉಸ್ತುವಾರಿಯೂ ದುಡ್ಡು ಕೊಟ್ಟು ಕರೆಸಿದ ಒಬ್ಬ ಹೆಣ್ಣುಮಗಳದು. ಅತ್ತೆ ರೇಷ್ಮೆ ಸೀರೆ ಉಟ್ಟು, ಪಟ್ಟಿಗೆ ಹೂ ಸುತ್ತಿಕೊಂಡು ಬಂದದ್ದನ್ನು ನೋಡಿ ಆಕೆ ನಾದಿನಿಯ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ನಾದಿನಿ ನಮ್ಮ ಹತ್ತಿರ ಬರುವಾಗಲೇ ಅವಳ ಕಣ್ಣು ತುಂಬಿತ್ತು.

“ಅಮ್ಮ, ಸ್ಟೇಜ್ ಮೇಲೆ ಬರುವಾಗ ಅದನ್ನ ತೆಗೆದ್ಬಿಡು. ವಿಡಿಯೋ ಎಲ್ಲಾ ಕೆಟ್ಟೋಗುತ್ತಂತೆ. ಗಂಡಿನ ಕಡೆಯೋರು ಏನಂದ್ಕೊತಾರೆ?”

ಅತ್ತೆ ಮೂಲೆಯತ್ತ ಬೆರಳು ತೋರಿಸಿದರು. ಅಲ್ಲಿ ಡಿಜೆ ಹುಡುಗ ಹಾಡು ಹಾಕುತ್ತಾ ಕುಣಿಯುತ್ತಿದ್ದ. ಅವನ ಕಿವಿಯ ಮೇಲೂ ಗಡವನಂಥ ಹೆಡ್‌ಫೋನು!

“ಅವನ ತಲೆ ಮ್ಯಾಲಿರೋದೇನು, ಕಿರೀಟನಾ?”

“ಅದು ಸ್ಟೈಲಮ್ಮ...”

“ಅವನು ಹಾಕ್ಕೊಂಡ್ರೆ ಸ್ಟೈಲು, ನಾನು ಹಾಕ್ಕೊಂಡ್ರೆ ಕೇಡಾ? ನೋಡು ಮಗಳೇ, ಇದನ್ನ ಬಿಚ್ಚಿಟ್ಟು ಮೇಲೆ ಬಂದ್ರೆ ಬರೋದು ನಾನಲ್ಲ, ನನ್ನ ಸೀರೆ. ಸೀರೆ ಸಾಕು ಅಂದ್ರೆ ಹೇಳು, ಇವಳ ಕೈಲಿ ಕಳಿಸ್ತೀನಿ.”

‘ಇವಳು’ ಅಂದರೆ ನಾನು. ಮಾತು ಮುಗಿಸಿ ನನ್ನ ತೋಳು ಹಿಡಿದುಕೊಂಡು ಮೆಟ್ಟಿಲು ಹತ್ತಿಯೇಬಿಟ್ಟರು. ಡಿಜೆ ಹುಡುಗನಿಗೆ ಕೈ ಸನ್ನೆ ಮಾಡಿದರು. “ಒಸಿ ನಿಲ್ಲಿಸಪ್ಪಾ.” ಅವನು ನಿಲ್ಲಿಸಿದ. ಅತ್ತೆ ಸೋಬಾನೆಯ ಮೊದಲ ಸೊಲ್ಲು ಎತ್ತಿ, ಕಾದರು.

ಯಾರೂ ತಿರುಗಿ ಹಾಡಲಿಲ್ಲ. ನಮ್ಮ ಕಡೆಯ ಹೆಂಗಸರೆಲ್ಲ ನಾದಿನಿಯ ಮುಖ ನೋಡುತ್ತಿದ್ದರು. ಅಷ್ಟರಲ್ಲಿ ಹಸೆಯ ಮೇಲೆ ಕೂತಿದ್ದ ಮದುಮಗಳೇ ಸಣ್ಣ ದನಿಯಲ್ಲಿ ಅಜ್ಜಿಯ ಸಾಲನ್ನು ತಿರುಗಿ ಹಾಡಿದಳು. ನಾನು ಸೇರಿದೆ. ಕೆಳಗಿನಿಂದ ಒಬ್ಬೊಬ್ಬರಾಗಿ ಸೇರಿದರು. ಅತ್ತೆ ಎಡಗಿವಿಯ ಹಸಿರು ಮೆತ್ತೆಯನ್ನು ಅಂಗೈಯಿಂದ ಒತ್ತಿ ಹಿಡಿದು, ನಮ್ಮ ಕೊನೆಯ ಅಕ್ಷರ ನಿಲ್ಲುವವರೆಗೆ ಕಾದು, ಆಮೇಲೆ ಮುಂದಿನ ಸಾಲು ಎತ್ತಿದರು. ಒಂದು ಕಡೆಯೂ ತಪ್ಪಲಿಲ್ಲ.

ಹಾಡು ಮುಗಿದಾಗ ಗಂಡಿನ ಅಜ್ಜಿ ಅತ್ತೆಯ ಬಳಿಗೆ ಬಂದರು. ಬೆಳಗಿನಿಂದ ಎಲ್ಲರ ಮಾತಿಗೂ ನಗುತ್ತಾ ತಲೆ ಆಡಿಸುತ್ತಿದ್ದ ಮುದುಕಿ ಅವರು. ಕೂದಲು ಸರಿಸಿ ಕಿವಿಯೊಳಗಿನ ಕಡಲೆಕಾಳಿನಷ್ಟು ಮಷೀನು ತೋರಿಸಿದರು.

“ಮಗ ತಂದ್ಕೊಟ್ಟಿದ್ದು. ಇದು ಯಾರಿಗೂ ಕಾಣಲ್ಲ ಕಣಮ್ಮ. ನಂಗೂ ಕೇಳಲ್ಲ.”

ಅತ್ತೆ ಗಹಗಹಿಸಿ ನಕ್ಕರು. ತಮ್ಮ ಹೆಡ್‌ಫೋನನ್ನು ಹೂವು, ಪೆಟ್ಟಿಗೆ ಸಮೇತ ಕಳಚಿ ಬೀಗರ ತಲೆಗೆ ಹಾಕಿದರು. ಆ ಅಜ್ಜಿ ಆಗಷ್ಟೇ ನುಡಿಸತೊಡಗಿದ್ದ ವಾಲಗದವರ ಕಡೆ ತಿರುಗಿ, ಬಾಯಿ ತೆರೆದುಕೊಂಡು, ಎಷ್ಟೋ ಹೊತ್ತು ನಿಂತಿದ್ದರು. ಆ ಮೇಲೆ ಗಂಡಿನ ಕಡೆಯ ಹೆಂಗಸರು ಅತ್ತೆಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

ನಾದಿನಿಯ ಸಿಟ್ಟು ಮಾತ್ರ ಇಳಿಯಲಿಲ್ಲ. ಬಹಳ ದಿನ ತವರಿಗೆ ಬರಲಿಲ್ಲ. ಮದುವೆಯ ವಿಡಿಯೋ ಬಂದಾಗ ನೋಡಿದರೆ ಸೋಬಾನೆಯ ಭಾಗದಲ್ಲಿ ಅತ್ತೆ ಎಲ್ಲೂ ಇಲ್ಲ. ಹಾಡು ಕೇಳುತ್ತಿದೆ, ತೆರೆಯ ಮೇಲೆ ಬರೀ ಹೂವಿನ ಅಲಂಕಾರ, ದೀಪ, ಊಟದ ಸಾಲು. ಅತ್ತೆ ಪೆಟ್ಟಿಗೆಯ ಗುಂಡಿ ತಿರುಗಿಸಿ ಸದ್ದು ಜೋರು ಮಾಡಿಕೊಂಡರು. “ಮುಖ ತೆಗೆದ್ರು, ದನಿ ತೆಗೆಯಕ್ಕಾಗ್ಲಿಲ್ಲ ನೋಡು” ಎಂದು ಪೂರಾ ಹಾಡು ಎರಡು ಸಲ ಕೇಳಿದರು.

ಆ ಮೇಲಿನ ವರ್ಷಗಳಲ್ಲಿ ಕರೆದ ಮದುವೆಗೆಲ್ಲ ಹೋದರು, ಹಾಡಿದರು. ಹೋದ ಕಾರ್ತಿಕದಲ್ಲಿ ಎದೆನೋವು ಅಂದರು. ಆಸ್ಪತ್ರೆಯಿಂದ ಮನೆಗೆ ಕರೆತಂದ ಮರುದಿನ ಬೆಳಿಗ್ಗೆ, ನಾನು ಕಾಫಿ ತರುವಷ್ಟರಲ್ಲಿ, ಗೋಡೆಗೆ ಒರಗಿ ಕೂತಂತೆಯೇ ಹೋಗಿಬಿಟ್ಟಿದ್ದರು.

ತಿಥಿಗೆ ದೊಡ್ಡ ಫೋಟೋ ಬೇಕಿತ್ತು. ಅವರು ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಾ, ಯಾರ ಮಾತಿಗೋ ನಗುತ್ತಿದ್ದಾಗ ನಾನೇ ಮೊಬೈಲಿನಲ್ಲಿ ತೆಗೆದ ಚಿತ್ರವೊಂದಿತ್ತು. ನಾದಿನಿಯೂ ನಾನೂ ಅದನ್ನು ಸ್ಟುಡಿಯೋಗೆ ಒಯ್ದೆವು. ಸ್ಟುಡಿಯೋದವನು ನೋಡಿ, “ತಲೆ ಮೇಲಿರೋದನ್ನ ತೆಗೆದು ಕೂದಲು ಕೂರಿಸ್ಬಿಡ್ತೀನಿ, ಗೊತ್ತೇ ಆಗಲ್ಲ” ಎಂದ. ನಾದಿನಿ ಕೂಡಲೇ ಹೂಂ ಎಂದಳು. “ಹಾಗೇ ಮಾಡಪ್ಪ. ಲಕ್ಷಣವಾಗಿರ್ಲಿ.”

ಮದುವೆಯಾಗಿ ಬಂದಂದಿನಿಂದ ಆ ಮನೆಯ ಮಗಳ ಮಾತಿಗೆ ನಾನು ಎದುರು ಆಡಿದವಳಲ್ಲ. ಹೂಂ ಅನ್ನುವುದೇ ಸೊಸೆಯ ಲಕ್ಷಣ ಎಂದು ನನ್ನ ತಾಯಿ ಹೇಳಿ ಕಳಿಸಿದ್ದಳು. ಅವತ್ತು ಮೊದಲ ಬಾರಿ ಬಾಯಿ ತೆರೆದೆ.

“ಮುಟ್ಟಬೇಡಿ. ಒಂದು ನೂಲೂ ತೆಗೆಯೋದು ಬೇಡ.”

“ನಿಂಗೇನೇ ಗೊತ್ತು? ನಮ್ಮಮ್ಮ ಅವಳು” ಎಂದಳು ನಾದಿನಿ.

“ನಮ್ಮತ್ತೆ ಕೂಡ” ಎಂದೆ. ಸ್ಟುಡಿಯೋದವನ ಕೈಗೆ ಮುಂಗಡ ಕೊಟ್ಟು, ಇದ್ದಂತೆಯೇ ದೊಡ್ಡದು ಮಾಡಲು ಹೇಳಿದೆ.

ಅವತ್ತಿಂದ ನಾನು ಬೇಕಾದ ಕಡೆ ಬೇಡ ಎನ್ನುತ್ತೇನೆ. ಮನೆಯಲ್ಲಿ ಎನ್ನುತ್ತೇನೆ, ಹೊರಗೂ ಎನ್ನುತ್ತೇನೆ. ಆ ಬಾಯಿ ಅತ್ತೆ ಕೊಟ್ಟದ್ದು. ಫೋಟೋ ನಡುಮನೆಯ ಗೋಡೆಯ ಮೇಲಿದೆ, ಇದ್ದಂತೆಯೇ. ಬಂದವರು ಮೊದಲು ಅದನ್ನೇ ನೋಡುತ್ತಾರೆ, ಕೆಲವರು ನಗುತ್ತಾರೆ. ನಾದಿನಿ ಬಂದಾಗ ಮುಖ ತಿರುಗಿಸಿ ಕೂರುತ್ತಾಳೆ. ಕೂರಲಿ. ನಾನು ಇಳಿಸುವುದಿಲ್ಲ.