ಬಾರದ ಮಸೂದೆಗೆ ಕಾದ ಕುಲುಮೆ

ಎರಡು ವರ್ಷದ ಹಿಂದಿನ ಮಾತು. ನಾಗಮಂಗಲದಲ್ಲಿ ಅರ್ಜಿ ಬರೆದುಕೊಡುವ ಕೆಲಸಕ್ಕೆ ನಾನು ಕೂತು ಆಗಲೇ ಇಪ್ಪತ್ತಾರು ವರ್ಷವಾಗಿತ್ತು. ಒಂದು ಬೆಳಿಗ್ಗೆ ಕಮ್ಮಾರ ಸಿದ್ದಾಚಾರಿ ತಹಶೀಲ್ದಾರರ ತೆರವು ಆದೇಶ ಹಿಡಿದು ಬಂದರು. ಅವರ ತಂದೆಯ ಕಾಲದ ಕುಲುಮೆ ಇದ್ದದ್ದು ಊರ ಗುಂಡುತೋಪಿನ ಅಂಚಿನಲ್ಲಿ, ಅಂದರೆ ಸರ್ಕಾರಿ ಜಾಗದಲ್ಲಿ. ಇಂಥ ಆದೇಶದ ವಿರುದ್ಧ ಪಾಂಡವಪುರದ ಉಪವಿಭಾಗಾಧಿಕಾರಿಗಳಿಗೆ ಅರವತ್ತು ದಿನದೊಳಗೆ ಮೇಲ್ಮನವಿ ಸಲ್ಲಿಸಬೇಕು.

ಆ ವಾರವಷ್ಟೇ, ಸರ್ಕಾರಿ ಜಾಗದ ಮನೆ, ಕುಲುಮೆಗಳನ್ನು ಸಕ್ರಮ ಮಾಡುವ ಮಸೂದೆ ಮುಂದಿನ ಅಧಿವೇಶನದಲ್ಲೇ ಬರುತ್ತದೆಂದು ಆಳುವ ಪಕ್ಷದವರೊಬ್ಬರು ಸಭೆಯಲ್ಲಿ ಹೇಳಿದ್ದರು. ನಾನೂ ಅಲ್ಲಿದ್ದೆ, ಚಪ್ಪಾಳೆ ತಟ್ಟಿದ್ದೆ.

"ಈಗ್ಲೇ ಯಾಕೆ ಪಾಂಡವಪುರಕ್ಕೆ ಅಲೀತೀರಿ ಆಚಾರ್ರೆ? ಕಾನೂನೇ ಬತ್ತಾ ಅದೆ, ಸುಮ್ಕಿರಿ" ಎಂದು ಕಳಿಸಿದೆ.

ಅಧಿವೇಶನ ತಡವಾಯಿತು. ಐವತ್ತನೆಯ ದಿನ ದಾಟಿದಾಗ ಅಳುಕು ಶುರುವಾಯಿತು. ಆದರೂ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಾಯಿ ಬರಲಿಲ್ಲ. ಅರವತ್ತನಾಲ್ಕನೆಯ ದಿನ, ಮಂಡಿಸಲಿರುವ ಮಸೂದೆಗಳ ಪಟ್ಟಿ ಪತ್ರಿಕೆಯಲ್ಲಿ ಬಂತು. ಬೆರಳಿಟ್ಟು ಮೂರು ಸಲ ಓದಿದೆ. ದೊಡ್ಡ ನಗರಗಳಿಗೆ ಬೇಕಾದದ್ದೆಲ್ಲ ಇತ್ತು. ನಮ್ಮದು ಇರಲಿಲ್ಲ.

ಪತ್ರಿಕೆ ಮಡಚಿಕೊಂಡು ಕುಲುಮೆಗೆ ಹೋದೆ. ವಿಷಯ ಕೇಳಿ ಸಿದ್ದಾಚಾರಿ ಸುತ್ತಿಗೆ ಕೆಳಗಿಟ್ಟರು. ಬೈಯಲಿಲ್ಲ.

"ಓಗ್ಲಿ ಬುಡಿ ಸಾ. ಜ್ವರ ಬಂದು ಮಲಗಿದ್ದೆ ಅಂತ ಬರೀರಿ. ಎಲ್ರಿಗೂ ಅಂಗೇ ತಾನೆ ಬರ್ಕೊಡೋದು?"

ನಿಜ. ಗಡುವು ಮೀರಿದವರಿಗೆಲ್ಲ ನಾನು ಬರೆಯುತ್ತಿದ್ದ ಕಾರಣ ಅದೇ. ತಿದಿ ಒತ್ತುತ್ತಿದ್ದ ಅವರ ಹೆಂಡತಿ ಗೌರಮ್ಮ ತಿರುಗಿದರು.

"ಯಾವ್ ಜ್ವರ? ದಿನಾ ಕಬ್ಬಿಣ ಬಡ್ದವ್ರೆ. ನೋಟೀಸು ತಂದ್ಕೊಟ್ಟೋನ ಮಚ್ಚನ್ನೂ ಮೊನ್ನೆ ಇಲ್ಲೇ ತಟ್ಟಿಕೊಟ್ಟವ್ರೆ, ಅವ್ನೇ ಸಾಕ್ಷಿ. ಸುಳ್ ಬರ್ದ್ರೆ ಇರೋ ಕುಲುಮೇನೂ ಓಯ್ತದೆ ಕಣ್ ಸಾ."

ಇದ್ದದ್ದನ್ನೇ ಬರೆಯುವುದೊಂದೇ ದಾರಿ ಉಳಿಯಿತು. ಮೇಲ್ಮನವಿಯ ಜೊತೆಗೆ, ಇವರು ಕಾದದ್ದು ನನ್ನ ಮಾತು ನಂಬಿ ಎಂದು ನನ್ನದೇ ಹೆಸರಿನಲ್ಲಿ ಒಂದು ಪ್ರಮಾಣಪತ್ರ ಬರೆದೆ. ಇದಾದ ಮೇಲೆ ನನ್ನ ಮೇಜಿಗೆ ಯಾರು ಬರುತ್ತಾರೆ ಎಂಬ ಹೆದರಿಕೆಯಲ್ಲಿ ಎರಡು ಹಾಳೆ ಹರಿದು ಹಾಕಿ ಮತ್ತೆ ಬರೆದೆ. ಅರವತ್ತೇಳನೆಯ ದಿನ ಸಲ್ಲಿಸಿದೆವು.

ವಿಚಾರಣೆಯ ದಿನ ಉಪವಿಭಾಗಾಧಿಕಾರಿ ನನ್ನ ಪ್ರಮಾಣಪತ್ರ ಓದಿ ನನ್ನನ್ನೇ ನೋಡಿದರು.

"ಆ ಮಸೂದೆ ನೀವು ನೋಡಿದ್ರಾ?"

"ಇಲ್ಲ ಸರ್. ಭಾಷಣ ಕೇಳಿದ್ದೆ."

ಅಧಿಕಾರಿ ವಿಳಂಬವನ್ನು ಮನ್ನಿಸಿ, ವಿಚಾರಣೆ ಮುಗಿಯುವವರೆಗೆ ತೆರವಿಗೆ ತಡೆ ಕೊಟ್ಟರು. ತಡೆ ಅಷ್ಟೇ. ಪ್ರಕರಣ ಇಂದಿಗೂ ಮುಗಿದಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಸಿದ್ದಾಚಾರಿ "ಇನ್ಯಾವ್ದಾರ ಭಾಷಣ ಅದಾ ಸಾ?" ಎಂದು ನಕ್ಕರು. ನನಗೆ ನಗಲಾಗಲಿಲ್ಲ.

ಪ್ರತಿ ಅಧಿವೇಶನದ ಪಟ್ಟಿಯನ್ನು ಈಗಲೂ ಬೆರಳಿಟ್ಟು ಓದುತ್ತೇನೆ. ಕಾಯುವುದು ನನ್ನ ಪಾಡು. ಆದೇಶ ಹಿಡಿದು ಬಂದವರಿಗೆ ಮಾತ್ರ ಕಾಯಿರಿ ಎನ್ನುವುದಿಲ್ಲ. ಅದರ ತಾರೀಕು ನೋಡುತ್ತೇನೆ, ಅವರನ್ನು ಎದುರಿಗೆ ಕೂರಿಸಿಕೊಂಡು ಅಂದೇ ಮೇಲ್ಮನವಿ ಬರೆದು ಮುಗಿಸುತ್ತೇನೆ.